ಕಮಾಂಡ್ ಲೈನ್: ಪ್ರೋಗ್ರಾಮಿಂಗ್ ಕಲಿಯುವವರಿಗೆ ಪ್ರವೇಶ ಪಾಠ

ಗಣಕಯಂತ್ರವೆಂದರೆ ಮೌಸು, ಚಿತ್ರಿಕೆ, ಕಿಟಕಿಗಳು ಎಂದೇ ತಿಳಿದು ಬೆಳೆದ ವಿದ್ಯಾರ್ಥಿಯು ಪ್ರೋಗ್ರಾಮಿಂಗ್ ಕಲಿಯಲು ಹೊರಟ ಮೊದಲ ವಾರದಲ್ಲಿಯೇ ಒಂದು ಕಪ್ಪು ಪರದೆಯನ್ನು ಎದುರಿಸಬೇಕಾಗುತ್ತದೆ. ಅಲ್ಲಿ ಒತ್ತಲು ಗುಂಡಿಗಳಿಲ್ಲ, ಆರಿಸಿಕೊಳ್ಳಲು ಪಟ್ಟಿಯಿಲ್ಲ. ಮಿನುಗುವ ಕರ್ಸರ್ ಒಂದೇ ಕಾಣುತ್ತದೆ. ಏನು ಬರೆದರೂ ಇಂಗ್ಲಿಷಿನಲ್ಲಿ ಒಂದು ಸಾಲಿನ ಗದರಿಕೆ ಬರುತ್ತದೆ. ‘ಈ ವಿದ್ಯೆ ನನ್ನಂಥವರಿಗಲ್ಲ’ ಎಂದು ಅನೇಕರು ಕೈಚೆಲ್ಲುವುದು ಇಲ್ಲಿಯೇ. ಅವರನ್ನು ಸೋಲಿಸಿದ್ದು ಪ್ರೋಗ್ರಾಮಿಂಗ್ ಅಲ್ಲ; ಯಾರೂ ಹೇಳಿಕೊಡದೆ ಬಿಟ್ಟ ನಾಲ್ಕಾರು ಸಂಗತಿಗಳು. ಆ ಸಂಗತಿಗಳನ್ನು ವಿವರಿಸುವುದು ಈ ಲೇಖನದ ಉದ್ದೇಶ.

ಮೌಸಿನಿಂದಲೇ ಎಲ್ಲವೂ ಆಗುವ ಕಾಲದಲ್ಲಿ ಇದನ್ನೇಕೆ ಕಲಿಯಬೇಕೆಂಬ ಪ್ರಶ್ನೆ ಸಹಜ. ನಾವು ಬರೆಯುವ ಪ್ರೋಗ್ರಾಮುಗಳು ಕೊನೆಗೆ ಓಡುವುದು ಬಹುಮಟ್ಟಿಗೆ ದೂರದ ಸರ್ವರುಗಳಲ್ಲಿ. ಅವುಗಳಿಗೆ ಪರದೆಯೂ ಇಲ್ಲ, ಮೌಸೂ ಇಲ್ಲ. ಲಿನಸ್ ಟೊರ್ವಾಲ್ಡ್ಸ್ 2005ರಲ್ಲಿ ಆರಂಭಿಸಿದ ಗಿಟ್ ಮೊದಲಾದ ಸಾಧನಗಳು ಹುಟ್ಟಿದ್ದೇ ಕಮಾಂಡ್ ಲೈನಿಗಾಗಿ. ಇದಕ್ಕಿಂತ ಮುಖ್ಯವಾದ ಕಾರಣ ಇನ್ನೊಂದಿದೆ. ಮೌಸಿನಲ್ಲಿ ಮಾಡಿದ ಕೆಲಸವನ್ನು ಗೆಳೆಯನಿಗೆ ತಿಳಿಸಬೇಕಾದರೆ ಹತ್ತು ಚಿತ್ರ ಬೇಕು. ಆದೇಶವನ್ನಾದರೆ ಒಂದು ಸಾಲಿನಲ್ಲಿ ಬರೆದು ಕಳುಹಿಸಬಹುದು, ಒಂದು ವರ್ಷದ ನಂತರ ತಾನೇ ಮತ್ತೆ ಬಳಸಬಹುದು.

ಮುಂದುವರಿಯುವ ಮುನ್ನ ಒಂದು ಸೂಚನೆ. ಆದೇಶಗಳನ್ನು ಇಲ್ಲಿ ದೂರವಾಣಿಯಲ್ಲಿ ಹೇಳಿಕೊಡುವಂತೆ ಕನ್ನಡ ಲಿಪಿಯಲ್ಲಿ ಕೊಟ್ಟಿದೆ. ‘ಎಲ್‌ಎಸ್’ ಎಂದಿದ್ದರೆ ಆ ಎರಡು ಇಂಗ್ಲಿಷ್ ಅಕ್ಷರಗಳನ್ನು ನಡುವೆ ಜಾಗವಿಲ್ಲದೆ ಸಣ್ಣಕ್ಷರಗಳಲ್ಲಿಯೇ ಒತ್ತತಕ್ಕದ್ದು. ‘ಸಾರ್ಟ್’ ಎಂದಿದ್ದರೆ ಆ ಇಂಗ್ಲಿಷ್ ಪದವನ್ನು ಪೂರ್ತಿಯಾಗಿ ಬರೆಯತಕ್ಕದ್ದು. ಉದಾಹರಣೆಗಳಲ್ಲಿ ಬರುವ ‘ಅಭ್ಯಾಸ’, ‘ಊರುಗಳು’ ಮುಂತಾದ ಹೆಸರುಗಳು ಮಾತ್ರ ನಮ್ಮವು. ಅವನ್ನು ಕನ್ನಡದಲ್ಲಿಯೇ ಬರೆಯಬಹುದು. ಕನ್ನಡ ಕೀಲಿಮಣೆ ಸಿದ್ಧವಿಲ್ಲದವರು ಇಂಗ್ಲಿಷ್ ಅಕ್ಷರಗಳಲ್ಲಿ ಬರೆದುಕೊಳ್ಳಲಿ.

ಟರ್ಮಿನಲ್ ಬೇರೆ, ಶೆಲ್ ಬೇರೆ

ಪರದೆಯ ಮೇಲೆ ತೆರೆದುಕೊಳ್ಳುವ ಕಿಟಕಿಗೆ ಟರ್ಮಿನಲ್ ಎಂದು ಹೆಸರು. ನಾವು ಒತ್ತಿದ ಅಕ್ಷರಗಳನ್ನು ಒಳಕ್ಕೆ ಕಳುಹಿಸುವುದು, ಹೊರಗೆ ಬಂದದ್ದನ್ನು ತೋರಿಸುವುದು, ಇಷ್ಟೇ ಅದರ ಕೆಲಸ. ಒಳಗೆ ಕುಳಿತು ನಮ್ಮ ಸಾಲನ್ನು ಓದಿ, ಅರ್ಥಮಾಡಿಕೊಂಡು, ಬೇಕಾದ ಪ್ರೋಗ್ರಾಮನ್ನು ಓಡಿಸುವುದು ಶೆಲ್ ಎಂಬ ಇನ್ನೊಂದು ತಂತ್ರಾಂಶ. ಶೆಲ್ ಎಂದರೆ ಚಿಪ್ಪು. ಕಾರ್ಯಾಚರಣ ವ್ಯವಸ್ಥೆಯ ತಿರುಳನ್ನು ಸುತ್ತುವರಿದ ಹೊದಿಕೆ ಎಂಬ ಭಾವ.

ಈ ವಿಚಿತ್ರ ಏರ್ಪಾಡಿಗೆ ಚರಿತ್ರೆಯಲ್ಲಿ ಕಾರಣವಿದೆ. 1969ರಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಕೆನ್ ಥಾಮ್ಸನ್, ಡೆನ್ನಿಸ್ ರಿಚೀ ಮತ್ತು ಸಂಗಡಿಗರು ಯೂನಿಕ್ಸ್ ವ್ಯವಸ್ಥೆಯನ್ನು ಆರಂಭಿಸಿದಾಗ ಗಣಕದೊಡನೆ ಮಾತಾಡುವ ಸಾಧನವೆಂದರೆ ಟೆಲಿಟೈಪ್, ಅಂದರೆ ತಂತಿ ಜೋಡಿಸಿದ ಬೆರಳಚ್ಚು ಯಂತ್ರ. ಬಹಳ ಬಳಕೆಯಲ್ಲಿದ್ದ 33ನೆಯ ಮಾದರಿಯ ಟೆಲಿಟೈಪು ಸೆಕೆಂಡಿಗೆ 10 ಅಕ್ಷರಗಳನ್ನಷ್ಟೇ ಕಾಗದದ ಮೇಲೆ ಕುಟ್ಟುತ್ತಿತ್ತು. ಅಂಥ ಯಂತ್ರದ ಮುಂದೆ ಕುಳಿತವನಿಗೆ ಪ್ರತಿಯೊಂದು ಅಕ್ಷರವೂ ದುಬಾರಿ. ಆದ್ದರಿಂದಲೇ ‘ಲಿಸ್ಟ್’ ಎಂಬುದು ಎಲ್‌ಎಸ್ ಆಯಿತು, ‘ಕಾಪಿ’ ಸಿಪಿ ಆಯಿತು, ‘ಮೂವ್’ ಎಂವಿ ಆಯಿತು. ಕೆಲಸ ಸರಿಯಾಗಿ ಮುಗಿದರೆ ‘ಮುಗಿಯಿತು’ ಎಂದು ಹೇಳುವ ಪದ್ಧತಿಯೂ ಇಲ್ಲ. ಆದೇಶ ಕೊಟ್ಟ ಮೇಲೆ ಏನೂ ಕಾಣಿಸದಿದ್ದರೆ ಹೊಸಬರು ಗಾಬರಿಯಾಗುತ್ತಾರೆ. ಕಮಾಂಡ್ ಲೈನಿನಲ್ಲಿ ಮೌನವೆಂದರೆ ಸಾಮಾನ್ಯವಾಗಿ ಯಶಸ್ಸು.

ಶೆಲ್‌ಗಳಲ್ಲಿ ಹಲವು ಬಗೆ. ಸ್ಟೀಫನ್ ಬೋರ್ನ್ ಬರೆದ ಶೆಲ್ 1979ರಲ್ಲಿ ಯೂನಿಕ್ಸಿನ 7ನೆಯ ಆವೃತ್ತಿಯೊಡನೆ ಹೊರಬಂದಿತು. ಅದನ್ನು ಅನುಸರಿಸಿ ಬ್ರಯಾನ್ ಫಾಕ್ಸ್ ಅವರು 1989ರಲ್ಲಿ ಹೊರತಂದ ಬ್ಯಾಶ್, ಇಂದು ಬಹುತೇಕ ಲಿನಕ್ಸ್ ವಿತರಣೆಗಳಲ್ಲಿ ತಾನಾಗಿಯೇ ದೊರೆಯುತ್ತದೆ. ಆಪಲ್ ಸಂಸ್ಥೆಯು 2019ರಿಂದ ಮ್ಯಾಕ್ ಗಣಕಗಳಲ್ಲಿ ಬ್ಯಾಶ್ ಬದಲಿಗೆ ಜೀಶೆಲ್ ಅನ್ನು ಮುಂದಿಟ್ಟಿದೆ. ಆರಂಭದ ಪಾಠಗಳ ಮಟ್ಟಿಗೆ ಇವೆರಡರಲ್ಲಿ ಗಮನಿಸಬೇಕಾದ ಭೇದವಿಲ್ಲ.

ಉಬುಂಟು ಬಳಸುವವರು ಕಂಟ್ರೋಲ್, ಆಲ್ಟ್, ಟಿ ಕೀಲಿಗಳನ್ನು ಒಟ್ಟಿಗೆ ಒತ್ತಿದರೆ ಟರ್ಮಿನಲ್ ತೆರೆಯುತ್ತದೆ. ಮ್ಯಾಕ್‌ನಲ್ಲಿ ಅದು ಯುಟಿಲಿಟೀಸ್ ಕೋಶದಲ್ಲಿದೆ. ವಿಂಡೋಸಿನ ಹಾದಿ ತುಸು ಬೇರೆ. ಅಲ್ಲಿ ಡಾಸ್ ಕಾಲದಿಂದ ಬಂದ ಕಮಾಂಡ್ ಪ್ರಾಂಪ್ಟ್ ಇದೆ, 2006ರಲ್ಲಿ ಬಂದ ಪವರ್‌ಶೆಲ್ ಇದೆ. ಪವರ್‌ಶೆಲ್ಲಿನಲ್ಲಿ ಎಲ್‌ಎಸ್, ಸಿಡಿ ಮುಂತಾದ ಹೆಸರುಗಳು ನಡೆಯುತ್ತವೆಯಾದರೂ ಅವುಗಳ ಸೂಕ್ಷ್ಮಗಳು ಬೇರೆ. ಲಿನಕ್ಸಿಗಾಗಿ ಬರೆದ ಪಾಠವನ್ನು ಅಲ್ಲಿ ಅನುಸರಿಸಲು ಹೋದವರು ಎರಡನೆಯ ಪುಟದಲ್ಲಿ ಎಡವುತ್ತಾರೆ. ವಿಂಡೋಸಿನ ಒಳಗೇ ಲಿನಕ್ಸನ್ನು ಓಡಿಸುವ ಡಬ್ಲ್ಯುಎಸ್‌ಎಲ್ ಎಂಬ ಸೌಲಭ್ಯ 2016ರಿಂದ ಇದೆ. ಈ ಲೇಖನದ ಆದೇಶಗಳನ್ನು ಪ್ರಯೋಗಿಸಲು ವಿಂಡೋಸ್ ಬಳಕೆದಾರರಿಗೆ ಅದೇ ಸೂಕ್ತ. ಸ್ವಂತ ಗಣಕವಿಲ್ಲದೆ ಕೇವಲ ಆಂಡ್ರಾಯ್ಡ್ ಫೋನು ಇರುವವರೂ ನಿರಾಶರಾಗಬೇಕಿಲ್ಲ. ಟರ್ಮಕ್ಸ್ ಎಂಬ ಮುಕ್ತ ತಂತ್ರಾಂಶವನ್ನು ಹಾಕಿಕೊಂಡರೆ ಅಂಗೈಯಲ್ಲಿಯೇ ಬ್ಯಾಶ್ ದೊರೆಯುತ್ತದೆ; ಇಲ್ಲಿ ಹೇಳಿರುವ ಹೆಚ್ಚಿನ ಪಾಠಗಳನ್ನು ಅದರಲ್ಲಿಯೂ ಮಾಡಿ ನೋಡಬಹುದು.

ನಾನೆಲ್ಲಿ ನಿಂತಿದ್ದೇನೆ?

ಪಾಠಪುಸ್ತಕಗಳು ಸಾಮಾನ್ಯವಾಗಿ ಇಪ್ಪತ್ತು ಆದೇಶಗಳ ಪಟ್ಟಿಯಿಂದ ಆರಂಭವಾಗುತ್ತವೆ. ಅದು ತಲೆಕೆಳಗಾದ ಕ್ರಮವೆಂದು ಈ ಲೇಖಕನ ಅಭಿಪ್ರಾಯ. ಕಮಾಂಡ್ ಲೈನಿನಲ್ಲಿ ಒಂದು ಆದೇಶದ ಪರಿಣಾಮವು ಅದನ್ನು ಎಲ್ಲಿ ನಿಂತು ಕೊಟ್ಟೆವೆಂಬುದನ್ನು ಅವಲಂಬಿಸಿದೆ. ‘ಇಲ್ಲಿರುವುದನ್ನೆಲ್ಲ ಅಳಿಸು’ ಎಂಬ ಮಾತಿಗೆ ‘ಇಲ್ಲಿ’ ಎಂದರೆ ಯಾವುದೆಂದು ತಿಳಿಯದೆ ಅರ್ಥವೇ ಇಲ್ಲ. ಆದ್ದರಿಂದ ಮೊದಲು ಕಲಿಯಬೇಕಾದದ್ದು ನಿಂತ ನೆಲವನ್ನು ಗುರುತಿಸುವುದು.

ಟರ್ಮಿನಲ್ ತೆರೆದೊಡನೆ ಕಾಣುವ ಸಾಲಿಗೆ ಪ್ರಾಂಪ್ಟ್ ಎನ್ನುತ್ತಾರೆ. ಲಿನಕ್ಸಿನಲ್ಲಿ ಅದು ಸುಮಾರಾಗಿ ಹೀಗಿರುತ್ತದೆ:

ಗೌರಿ@ಮನೆ:~/ಅಭ್ಯಾಸ$

ಇದು ಅಲಂಕಾರವಲ್ಲ. ಯಾರು, ಯಾವ ಯಂತ್ರದಲ್ಲಿ, ಯಾವ ಕೋಶದಲ್ಲಿ ಇದ್ದೀರಿ ಎಂಬ ಮೂರೂ ಮಾಹಿತಿ ಇದರಲ್ಲಿದೆ: ಗೌರಿ ಎಂಬ ಬಳಕೆದಾರಳು, ‘ಮನೆ’ ಎಂಬ ಹೆಸರಿನ ಗಣಕದಲ್ಲಿ, ತನ್ನ ಸ್ವಂತ ಕೋಶದ ಒಳಗಿನ ‘ಅಭ್ಯಾಸ’ ಎಂಬ ಕಡತಕೋಶದಲ್ಲಿ ನಿಂತಿದ್ದಾಳೆ. ಅಲೆಯಂತೆ ಕಾಣುವ ‘~’ ಚಿಹ್ನೆಯು ಬಳಕೆದಾರರ ಸ್ವಂತ ಕೋಶಕ್ಕೆ ಸಂಕ್ಷೇಪ. ಕೊನೆಯ ‘$’ ಚಿಹ್ನೆ ಸಾಮಾನ್ಯ ಬಳಕೆದಾರರ ಗುರುತು. ಅದರ ಜಾಗದಲ್ಲಿ ‘#’ ಕಂಡರೆ ಸರ್ವಾಧಿಕಾರವುಳ್ಳ ರೂಟ್ ಆಗಿದ್ದೀರಿ ಎಂದರ್ಥ, ಕೈಯನ್ನು ಒಂದು ಕ್ಷಣ ಹಿಂತೆಗೆಯುವುದು ಲೇಸು. ಪುಸ್ತಕಗಳಲ್ಲಿ ಆದೇಶದ ಹಿಂದೆ ‘$’ ಮುದ್ರಿಸಿದ್ದರೆ ಅದನ್ನು ನಾವು ಟೈಪು ಮಾಡಬಾರದು.

ಪ್ರಾಂಪ್ಟ್ ಸಾಲದೆ ಹೋದರೆ ನೇರವಾಗಿ ಕೇಳಬಹುದು. ಪಿಡಬ್ಲ್ಯುಡಿ ಎಂಬ ಆದೇಶವು ‘ಪ್ರಿಂಟ್ ವರ್ಕಿಂಗ್ ಡೈರೆಕ್ಟರಿ’ ಎಂಬುದರ ಹ್ರಸ್ವರೂಪ (ನಮ್ಮ ಲೋಕೋಪಯೋಗಿ ಇಲಾಖೆಗೂ ಇದಕ್ಕೂ ಸಂಬಂಧವಿಲ್ಲ, ಎರಡೂ ದಾರಿಗೆ ಸಂಬಂಧಿಸಿದವು ಎಂಬುದನ್ನು ಬಿಟ್ಟರೆ). ಅದು ನಿಂತ ಕೋಶದ ಪೂರ್ಣ ವಿಳಾಸವನ್ನು ಮುದ್ರಿಸುತ್ತದೆ. ಅಲ್ಲಿ ಏನೇನಿದೆಯೆಂದು ಎಲ್‌ಎಸ್ ಹೇಳುತ್ತದೆ. ಬೇರೆಡೆಗೆ ಹೋಗಲು ಸಿಡಿ, ಅಂದರೆ ‘ಚೇಂಜ್ ಡೈರೆಕ್ಟರಿ’. ಎರಡು ಚುಕ್ಕೆ ‘..’ ಎಂದರೆ ಒಂದು ಮೆಟ್ಟಿಲು ಮೇಲಿನ ಕೋಶ, ಒಂದೇ ಚುಕ್ಕೆ ‘.’ ಎಂದರೆ ನಿಂತ ಕೋಶ. ಏನೂ ಸೇರಿಸದೆ ಬರಿಯ ಸಿಡಿ ಎಂದರೆ ಎಲ್ಲಿದ್ದರೂ ಸ್ವಂತ ಕೋಶಕ್ಕೆ ಮರಳಬಹುದು. ದಾರಿ ತಪ್ಪಿದ ಮಕ್ಕಳಿಗೆ ಇದೇ ಮನೆಯ ಹಾದಿ.

ವಿಳಾಸಗಳು ಎರಡು ಬಗೆ. ‘/’ ಎಂಬ ಓರೆಗೆರೆಯಿಂದ ಆರಂಭವಾದರೆ ಅದು ಬೇರಿನಿಂದ ಹಿಡಿದು ಹೇಳಿದ ಪೂರ್ಣ ವಿಳಾಸ; ಎಲ್ಲಿ ನಿಂತು ಹೇಳಿದರೂ ಅರ್ಥ ಒಂದೇ. ಓರೆಗೆರೆಯಿಲ್ಲದೆ ಆರಂಭವಾದರೆ ಅದು ನಿಂತಲ್ಲಿಂದ ಎಣಿಸಿದ ವಿಳಾಸ. ‘ಗುಡಿಯ ಎಡಗಡೆಯ ಮೂರನೆಯ ಮನೆ’ ಎಂಬ ಮಾತು ಗುಡಿ ಯಾವುದೆಂದು ಗೊತ್ತಿದ್ದರಷ್ಟೇ ಉಪಯೋಗಕ್ಕೆ ಬರುವಂತೆ ಇದೂ ಸಹ.

ಈ ಎಚ್ಚರ ಬರಿಯ ಹೊಸಬರಿಗಲ್ಲ. 2017ರ ಜನವರಿ 31ರ ರಾತ್ರಿ ಗಿಟ್‌ಲ್ಯಾಬ್ ಸಂಸ್ಥೆಯಲ್ಲಿ ನಡೆದ ಘಟನೆ ಜಗತ್ತಿಗೇ ತಿಳಿದಿದೆ, ಏಕೆಂದರೆ ಸಂಸ್ಥೆಯೇ ಅದನ್ನು ಮುಚ್ಚಿಡದೆ ವಿವರವಾಗಿ ಪ್ರಕಟಿಸಿತು. ಅಲ್ಲಿ ಎರಡು ದತ್ತಾಂಶ ಸರ್ವರುಗಳಿದ್ದವು: ಒಂದು ಮುಖ್ಯ, ಇನ್ನೊಂದು ಅದರ ಪ್ರತಿ. ಪ್ರತಿಯು ಹಿಂದೆ ಬಿದ್ದಿದ್ದರಿಂದ ಅದರ ಕೋಶವನ್ನು ತೆರವುಗೊಳಿಸಿ ಹೊಸದಾಗಿ ತುಂಬಲು ಬಹಳ ಹೊತ್ತಿನಿಂದ ಹೆಣಗುತ್ತಿದ್ದ ಎಂಜಿನಿಯರೊಬ್ಬರು ಅಳಿಸುವ ಆದೇಶವನ್ನು ಕೊಟ್ಟರು. ಆದೇಶ ಸರಿಯಾಗಿಯೇ ಇತ್ತು. ಕೊಟ್ಟ ಕಿಟಕಿ ಮಾತ್ರ ಮುಖ್ಯ ಸರ್ವರಿನದಾಗಿತ್ತು. ಒಂದೆರಡು ಸೆಕೆಂಡುಗಳಲ್ಲಿಯೇ ತಪ್ಪು ಅರಿವಾಗಿ ನಿಲ್ಲಿಸಿದರೂ ಸುಮಾರು 300 ಗಿಗಾಬೈಟುಗಳಲ್ಲಿ ಉಳಿದದ್ದು 4.5 ಮಾತ್ರ. ಬೇರೆ ಬೇರೆ ಬ್ಯಾಕಪ್ ವ್ಯವಸ್ಥೆಗಳು ಕೈಕೊಟ್ಟಿದ್ದವು. ಆರು ಗಂಟೆ ಹಿಂದೆ ಅಕಸ್ಮಾತ್ ತೆಗೆದಿಟ್ಟಿದ್ದ ಒಂದು ಪ್ರತಿಯಿಂದ ಸೇವೆಯನ್ನು ಪುನಃ ಕಟ್ಟಲಾಯಿತು, ನಡುವಿನ ಆರು ಗಂಟೆಗಳ ದತ್ತಾಂಶ ಮರಳಲಿಲ್ಲ. ಆ ಬಳಿಕ ಅವರು ಕೈಗೊಂಡ ತೀರ್ಮಾನಗಳಲ್ಲಿ ಒಂದು, ಯಾವ ಯಂತ್ರವೆಂದು ಎದ್ದು ಕಾಣುವಂತೆ ಪ್ರಾಂಪ್ಟನ್ನು ಬದಲಿಸುವುದು.

ಆದೇಶದ ವ್ಯಾಕರಣ

ಪ್ರತಿ ಆದೇಶಕ್ಕೂ ಒಂದು ಸರಳ ವಾಕ್ಯರಚನೆ ಇದೆ. ಮೊದಲ ಪದ ಓಡಿಸಬೇಕಾದ ಪ್ರೋಗ್ರಾಮಿನ ಹೆಸರು. ಅಡ್ಡಗೆರೆಯಿಂದ ಆರಂಭವಾಗುವ ಪದಗಳು ಅದು ಹೇಗೆ ಓಡಬೇಕೆಂಬ ವಿಶೇಷಣಗಳು. ಉಳಿದವು ಅದು ಯಾವುದರ ಮೇಲೆ ಕೆಲಸಮಾಡಬೇಕೆಂಬ ಕರ್ಮಪದಗಳು.

ಎಲ್‌ಎಸ್ -ಎಲ್ ಅಭ್ಯಾಸ

ಎಂದರೆ ‘ಅಭ್ಯಾಸ ಕೋಶದಲ್ಲಿರುವುದನ್ನು ವಿವರಗಳೊಡನೆ ಪಟ್ಟಿಮಾಡು’. ‘-ಎಲ್’ ಬದಲು ‘-ಎ’ ಎಂದರೆ ಚುಕ್ಕೆಯಿಂದ ಆರಂಭವಾಗುವ ಅಡಗಿಸಿದ ಕಡತಗಳೂ ಕಾಣುತ್ತವೆ.

ಇಲ್ಲಿ ಪದಗಳನ್ನು ಬೇರ್ಪಡಿಸುವುದು ಬರಿಯ ಖಾಲಿ ಜಾಗ. ಕಾಣದ ಆ ಅಕ್ಷರವೇ ಕಮಾಂಡ್ ಲೈನಿನಲ್ಲಿ ಎಲ್ಲಕ್ಕಿಂತ ಬಲಿಷ್ಠ. ‘ಮೊದಲ ಪಾಠ’ ಎಂಬ ಹೆಸರಿನ ಒಂದು ಕಡತವಿದ್ದರೆ ಶೆಲ್ಲಿನ ಕಣ್ಣಿಗೆ ಅದು ‘ಮೊದಲ’, ‘ಪಾಠ’ ಎಂಬ ಎರಡು ಕಡತಗಳು. ಅಂಥ ಹೆಸರನ್ನು ಉದ್ಧರಣ ಚಿಹ್ನೆಗಳ ನಡುವೆ ಬರೆಯಬೇಕು. ಹೆಸರಿಡುವಾಗಲೇ ಖಾಲಿ ಜಾಗದ ಬದಲು ಕೆಳಗೆರೆ ಬಳಸುವುದು ಅನುಭವಿಗಳ ರೂಢಿ.

2011ರಲ್ಲಿ ಬಂಬಲ್‌ಬೀ ಎಂಬ ಲಿನಕ್ಸ್ ತಂತ್ರಾಂಶದ ಅನುಸ್ಥಾಪನಾ ಕಡತದಲ್ಲಿ ‘/ಯುಎಸ್‌ಆರ್/ಲಿಬ್’ ಎಂದು ಆರಂಭವಾಗಬೇಕಿದ್ದ ವಿಳಾಸದ ನಡುವೆ ಒಂದು ಖಾಲಿ ಜಾಗ ನುಸುಳಿತ್ತು. ಯಾವುದೋ ಆಳದ ಒಂದು ಕಡತವನ್ನಷ್ಟೇ ಅಳಿಸಬೇಕಿದ್ದ ಆದೇಶವು ‘/ಯುಎಸ್‌ಆರ್’ ಕೋಶವನ್ನೇ, ಅಂದರೆ ಬಳಕೆದಾರರ ಗಣಕದ ಬಹುಪಾಲು ತಂತ್ರಾಂಶಗಳನ್ನೇ ಅಳಿಸಿಹಾಕಿತು.

ಇದೇ ಬಗೆಯ ಅಪಾಯ ನಕ್ಷತ್ರ ಚಿಹ್ನೆಯಲ್ಲೂ ಇದೆ. ‘ಹಳೆಯ*’ ಎಂದರೆ ‘ಹಳೆಯ’ ಎಂದು ಆರಂಭವಾಗುವ ಎಲ್ಲ ಹೆಸರುಗಳು. ‘ಹಳೆಯ *’ ಎಂದರೆ ‘ಹಳೆಯ’ ಎಂಬ ಒಂದು ಕಡತ ಮತ್ತು ಕೋಶದಲ್ಲಿರುವ ಸಮಸ್ತ. ನಕ್ಷತ್ರವನ್ನು ಬಿಡಿಸಿ ಹೆಸರುಗಳ ಪಟ್ಟಿಯಾಗಿ ಮಾಡುವುದು ಶೆಲ್ಲೇ ಹೊರತು ಆ ಪ್ರೋಗ್ರಾಮಲ್ಲ. ಆದುದರಿಂದ ಪರೀಕ್ಷಿಸುವ ಸುಲಭೋಪಾಯ ಒಂದುಂಟು: ಅಳಿಸುವ ಆದೇಶದ ಹೆಸರಿನ ಜಾಗದಲ್ಲಿ ಮೊದಲು ಎಲ್‌ಎಸ್ ಬರೆದು ಅದೇ ಸಾಲನ್ನು ಓಡಿಸಿ. ತೆರೆಯ ಮೇಲೆ ಬಂದ ಹೆಸರುಗಳೇ ಅಳಿಯಲಿರುವ ಹೆಸರುಗಳು.

ಅಳಿಸುವ ಆದೇಶ ಆರ್‌ಎಂ. ಅದು ಕಡತವನ್ನು ಕಸದಬುಟ್ಟಿಗೆ ಹಾಕುವುದಿಲ್ಲ. ಮರಳಿ ತರುವ ಗುಂಡಿಯೂ ಇಲ್ಲ. ‘-ಐ’ ಸೇರಿಸಿದರೆ ಪ್ರತಿಯೊಂದಕ್ಕೂ ಒಪ್ಪಿಗೆ ಕೇಳುತ್ತದೆ. ‘-ಆರ್’ ಸೇರಿಸಿದರೆ ಕೋಶವನ್ನು ಒಳಗಿನದೆಲ್ಲದರೊಡನೆ ಅಳಿಸುತ್ತದೆ. ‘-ಎಫ್’ ಸೇರಿಸಿದರೆ ಏನನ್ನೂ ಕೇಳುವುದಿಲ್ಲ. ಕೊನೆಯ ಎರಡನ್ನು ಜೊತೆಯಾಗಿ ಬಳಸುವ ಅಗತ್ಯ ಕಲಿಯುವವರಿಗೆ ಮೊದಲ ತಿಂಗಳಲ್ಲಿ ಬರುವುದೇ ಇಲ್ಲ. ಆರ್‌ಎಂ ಬಗ್ಗೆ ಎಲ್ಲರೂ ಎಚ್ಚರಿಸುತ್ತಾರೆ. ಆದರೆ ಸಿಪಿ ಮತ್ತು ಎಂವಿ ಕೂಡ ಅದೇ ಹೆಸರಿನ ಹಳೆಯ ಕಡತವಿದ್ದರೆ ಸದ್ದಿಲ್ಲದೆ ಅದರ ಮೇಲೆ ಬರೆದುಬಿಡುತ್ತವೆ ಎಂಬುದನ್ನು ಹೇಳುವವರು ಕಡಿಮೆ. ಅವುಗಳಿಗೂ ‘-ಐ’ ಸಲ್ಲುತ್ತದೆ.

ಒಂದು ಅಭ್ಯಾಸ

ತರಗತಿಯ ವಿದ್ಯಾರ್ಥಿಗಳ ಊರುಗಳ ಪಟ್ಟಿಯಿದೆ, ಯಾವ ಊರಿನವರು ಎಷ್ಟು ಮಂದಿ ಎಂದು ತಿಳಿಯಬೇಕು ಎಂದಿಟ್ಟುಕೊಳ್ಳೋಣ. ಮೊದಲು ಒಂದು ಕೋಶವನ್ನು ಮಾಡಿ ಅದರೊಳಕ್ಕೆ ಹೋಗಿ, ನ್ಯಾನೋ ಎಂಬ ಸರಳ ಸಂಪಾದಕದಲ್ಲಿ ಕಡತವನ್ನು ತೆರೆಯುವುದು:

ಎಂಕೆಡಿಐಆರ್ ಅಭ್ಯಾಸ
ಸಿಡಿ ಅಭ್ಯಾಸ
ನ್ಯಾನೋ ಊರುಗಳು

ಸಾಲಿಗೊಂದರಂತೆ ಹಾಸನ, ಧಾರವಾಡ, ಬಳ್ಳಾರಿ, ಹಾಸನ, ಬೀದರ್, ಹಾಸನ, ಧಾರವಾಡ ಎಂದು ಬರೆದು, ಕಂಟ್ರೋಲ್ ಮತ್ತು ಓ ಒತ್ತಿ ಎಂಟರ್ ಕೊಟ್ಟು ಉಳಿಸಿ, ಕಂಟ್ರೋಲ್ ಮತ್ತು ಎಕ್ಸ್ ಒತ್ತಿ ಹೊರಬನ್ನಿ. ಕ್ಯಾಟ್ ಊರುಗಳು ಎಂದರೆ ಬರೆದದ್ದು ಕಾಣುತ್ತದೆ. ಈಗ:

ಸಾರ್ಟ್ ಊರುಗಳು | ಯೂನಿಕ್ -ಸಿ | ಸಾರ್ಟ್ -ಎನ್‌ಆರ್

(ಯೂನಿಕ್ ಎಂಬಲ್ಲಿ ಇಂಗ್ಲಿಷ್ ಪದದ ಕೊನೆಯ ಎರಡು ಅಕ್ಷರಗಳನ್ನು ಬಿಟ್ಟು ಬರೆಯಬೇಕು, ಟೆಲಿಟೈಪಿನ ಜಿಪುಣತನ ಇಲ್ಲೂ ಉಳಿದಿದೆ.) ಉತ್ತರದಲ್ಲಿ ಹಾಸನ 3, ಧಾರವಾಡ 2, ಉಳಿದೆರಡು ಊರುಗಳು ಒಂದೊಂದು ಎಂದು ಬರುತ್ತದೆ. ಮೊದಲ ಸಾರ್ಟ್ ಸಾಲುಗಳನ್ನು ಕ್ರಮವಾಗಿ ಜೋಡಿಸಿತು. ಯೂನಿಕ್ ಒಂದೇ ಬಗೆಯ ಪಕ್ಕಪಕ್ಕದ ಸಾಲುಗಳನ್ನು ಕೂಡಿಸಿ ಎಣಿಸಿತು. ಕೊನೆಯ ಸಾರ್ಟ್ ಆ ಎಣಿಕೆಯನ್ನು ದೊಡ್ಡದರಿಂದ ಸಣ್ಣದಕ್ಕೆ ಇಳಿಸಿತು. ಯೂನಿಕ್ ನೋಡುವುದು ಪಕ್ಕದ ಸಾಲನ್ನು ಮಾತ್ರ. ಮೊದಲ ಸಾರ್ಟನ್ನು ಬಿಟ್ಟು ಓಡಿಸಿದರೆ ಹಾಸನವು ಮೂರು ಬಾರಿ ಬೇರೆ ಬೇರೆಯಾಗಿ ಬರುವುದನ್ನು ಕಾಣಬಹುದು. ತಪ್ಪಿಲ್ಲದಂತೆ ತೋರುವ ತಪ್ಪು ಉತ್ತರಕ್ಕೆ ಇದು ಒಳ್ಳೆಯ ಉದಾಹರಣೆ.

ನಡುವಿನ ನೆಟ್ಟಗೆರೆಗೆ ಪೈಪ್ ಎಂದು ಹೆಸರು. ಒಂದು ಪ್ರೋಗ್ರಾಮಿನ ಹೊರಹರಿವನ್ನು ಇನ್ನೊಂದರ ಒಳಕ್ಕೆ ಅದು ತಿರುಗಿಸುತ್ತದೆ. ತೋಟಕ್ಕೆ ನೀರು ಹಾಯಿಸುವ ಕೊಳವೆಗಳಂತೆ ಪ್ರೋಗ್ರಾಮುಗಳನ್ನು ಜೋಡಿಸುವಂತಿರಬೇಕೆಂದು ಡಗ್ ಮೆಕಿಲ್‌ರಾಯ್ 1964ರಲ್ಲಿಯೇ ಟಿಪ್ಪಣಿ ಬರೆದಿದ್ದರು. ಯೂನಿಕ್ಸಿಗೆ ಅದನ್ನು ಕೆನ್ ಥಾಮ್ಸನ್ ಸೇರಿಸಿದ್ದು 1973ರಲ್ಲಿ. ಈ ಎರಡು ಪ್ರೋಗ್ರಾಮುಗಳಲ್ಲಿ ಒಂದಕ್ಕೂ ‘ಊರಿನವರನ್ನು ಎಣಿಸುವುದು’ ಗೊತ್ತಿಲ್ಲ ಎಂಬುದನ್ನು ಗಮನಿಸಿ. ಅದನ್ನು ಕಟ್ಟಿದವರು ನಾವು. ಮೌಸಿನಿಂದ ದೊರೆಯದ ಸುಖ ಇದು.

ಉತ್ತರವನ್ನು ಕಡತಕ್ಕೆ ಕಳುಹಿಸಲು ‘>’ ಚಿಹ್ನೆ, ಇರುವ ಕಡತದ ಕೊನೆಗೆ ಸೇರಿಸಲು ‘>>’. ಇಲ್ಲಿ ಪ್ರತಿಯೊಬ್ಬರೂ ಒಮ್ಮೆ ಬೀಳುವ ಹೊಂಡವೊಂದಿದೆ. ‘ಸಾರ್ಟ್ ಊರುಗಳು > ಊರುಗಳು’ ಎಂದು ಅದೇ ಕಡತಕ್ಕೆ ಮರಳಿ ಬರೆಯಲು ಹೋದರೆ ಕಡತ ಬರಿದಾಗುತ್ತದೆ. ಏಕೆಂದರೆ ಶೆಲ್ ಮೊದಲು ಬರೆಯಬೇಕಾದ ಕಡತವನ್ನು ಖಾಲಿಮಾಡಿ ಸಿದ್ಧಪಡಿಸುತ್ತದೆ, ಆಮೇಲೆ ಸಾರ್ಟ್ ಅನ್ನು ಓಡಿಸುತ್ತದೆ. ಅಷ್ಟರಲ್ಲಿ ಓದಲು ಏನೂ ಉಳಿದಿರುವುದಿಲ್ಲ. ಬೇರೆ ಹೆಸರಿನ ಕಡತಕ್ಕೆ ಬರೆಯುವುದೇ ಕ್ಷೇಮ.

ಕನ್ನಡದ ಅಕ್ಷರಗಳು

ಕನ್ನಡದ ಕಡತಗಳನ್ನು ಬಳಸುವವರಿಗೆ ಟರ್ಮಿನಲ್ ಒಂದೆರಡು ಅಚ್ಚರಿಗಳನ್ನಿಟ್ಟಿದೆ. ಟರ್ಮಿನಲ್ ಪ್ರತಿ ಅಕ್ಷರಕ್ಕೂ ಒಂದೇ ಅಗಲದ ಮನೆಯನ್ನು ಮೀಸಲಿಡುತ್ತದೆ, ಬೆರಳಚ್ಚು ಯಂತ್ರದ ಹಾಗೆ. ನಮ್ಮ ಒತ್ತಕ್ಷರ, ಗುಣಿತಗಳು ಆ ಮನೆಗಳಿಗೆ ಹೊಂದದೆ ಹಲವು ಟರ್ಮಿನಲ್‌ಗಳಲ್ಲಿ ಚೆದುರಿದಂತೆ ಕಾಣುತ್ತವೆ. ಕಡತ ಕೆಟ್ಟಿಲ್ಲ, ತೋರಿಕೆ ಮಾತ್ರ ಕೆಟ್ಟಿದೆ. ಅದೇ ಕಡತವನ್ನು ಬೇರೆ ಸಂಪಾದಕದಲ್ಲಿ ತೆರೆದರೆ ಸರಿಯಾಗಿರುತ್ತದೆ.

ಎಣಿಕೆಯ ಮಾತು ಇನ್ನೂ ಸ್ವಾರಸ್ಯಕರ. ಡಬ್ಲ್ಯುಸಿ ಎಂಬುದು ‘ವರ್ಡ್ ಕೌಂಟ್’, ಎಣಿಸುವ ಆದೇಶ.

ಪ್ರಿಂಟ್‌ಎಫ್ ಕನ್ನಡ | ಡಬ್ಲ್ಯುಸಿ -ಸಿ

ಎಂದರೆ 15 ಎಂಬ ಉತ್ತರ ಬರುತ್ತದೆ. ‘-ಸಿ’ ಬದಲು ‘-ಎಂ’ ಎಂದರೆ 5. ನಾವು ಬಾಯಿಬಿಟ್ಟು ಎಣಿಸಿದರೆ ಕ, ನ್ನ, ಡ ಎಂದು ಮೂರೇ ಅಕ್ಷರ. ಮೂರೂ ಸರಿ. ಯೂನಿಕೋಡಿನಲ್ಲಿ ಈ ಪದವು ಕ, ನ, ವಿರಾಮ ಚಿಹ್ನೆ, ನ, ಡ ಎಂದು ಐದು ಸಂಕೇತಗಳಾಗಿ ಕೂಡಿದೆ. ಯುಟಿಎಫ್-8 ಪದ್ಧತಿಯಲ್ಲಿ ಕನ್ನಡದ ಒಂದೊಂದು ಸಂಕೇತಕ್ಕೂ 3 ಬೈಟು. ಇಂಗ್ಲಿಷಿನಲ್ಲಿ ಬರೆದು ಅಭ್ಯಾಸವಾದ ಪ್ರೋಗ್ರಾಮರು ಮೂರನ್ನೂ ಒಂದೆಂದೇ ಎಣಿಸಿ, ಕನ್ನಡದ ಹೆಸರುಗಳನ್ನು ನಡುವೆ ಕತ್ತರಿಸುವ ಅರ್ಜಿ ನಮೂನೆಗಳನ್ನು ಮಾಡುತ್ತಾರೆ.

ಅಕಾರಾದಿ ಜೋಡಣೆಯೂ ಹೀಗೆಯೇ. ಯೂನಿಕೋಡಿನಲ್ಲಿ ‘ಳ’ಕಾರದ ಸ್ಥಾನ ‘ಲ’ಕಾರದ ಪಕ್ಕದಲ್ಲಿದೆ, ನಮ್ಮ ವರ್ಣಮಾಲೆಯಂತೆ ‘ಹ’ಕಾರದ ಬಳಿಕ ಅಲ್ಲ. ಬರಿಯ ಸಂಕೇತಸಂಖ್ಯೆಯನ್ನೇ ನೋಡಿ ಜೋಡಿಸಿದರೆ ಬಳ್ಳಾರಿಯು ಬಸವಕಲ್ಯಾಣಕ್ಕಿಂತ ಮೊದಲು ಬರುತ್ತದೆ. ನಿಘಂಟಿನಲ್ಲಿ ಅದು ಅನಂತರ ಬರಬೇಕಾದದ್ದು. ಸಾರ್ಟ್ ಯಾವ ಕ್ರಮವನ್ನು ಅನುಸರಿಸುತ್ತದೆಂಬುದು ಗಣಕದ ಭಾಷಾ ಹೊಂದಿಕೆಯನ್ನು ಅವಲಂಬಿಸಿದೆ.

ಗದರಿಕೆಗಳನ್ನು ಓದುವುದು

ದೋಷಸಂದೇಶ ಬಂದೊಡನೆ ಕಣ್ಣು ಮುಚ್ಚಿಕೊಳ್ಳುವುದು ಹೊಸಬರ ಸ್ವಭಾವ. ಅವುಗಳಲ್ಲಿ ಮೂರನ್ನು ಗುರುತಿಸಿದರೆ ಮೊದಲ ವರ್ಷದ ಬಹುಪಾಲು ಕಷ್ಟ ಕಳೆಯುತ್ತದೆ. ‘ನೋ ಸಚ್ ಫೈಲ್ ಆರ್ ಡೈರೆಕ್ಟರಿ’ ಎಂದರೆ ಹೇಳಿದ ಹೆಸರು ಅಲ್ಲಿಲ್ಲ. ಒಂದೋ ಕಾಗುಣಿತ ತಪ್ಪಿದೆ, ಇಲ್ಲವೆ ನಿಂತ ಜಾಗ ತಪ್ಪಿದೆ. ಮತ್ತೆ ಪಿಡಬ್ಲ್ಯುಡಿಗೇ ಹೋಗಬೇಕು. ಲಿನಕ್ಸಿನಲ್ಲಿ ಇಂಗ್ಲಿಷಿನ ದೊಡ್ಡಕ್ಷರ, ಸಣ್ಣಕ್ಷರಗಳು ಬೇರೆ ಬೇರೆ ಎಂಬುದನ್ನೂ ನೆನಪಿಡಬೇಕು. ‘ಪರ್ಮಿಷನ್ ಡಿನೈಡ್’ ಎಂದರೆ ಕಡತವಿದೆ, ನಿಮಗೆ ಅನುಮತಿಯಿಲ್ಲ.

ಮೂರನೆಯದು ‘ಕಮಾಂಡ್ ನಾಟ್ ಫೌಂಡ್’. ಸಿ ಭಾಷೆ ಕಲಿಯುವವರನ್ನು ಇದು ವಿಶೇಷವಾಗಿ ಕಾಡುತ್ತದೆ. ಜಿಸಿಸಿಯಿಂದ ಪ್ರೋಗ್ರಾಮನ್ನು ಕಂಪೈಲ್ ಮಾಡಿದರೆ ‘ಎ.ಔಟ್’ ಎಂಬ ಕಡತ ಹುಟ್ಟುತ್ತದೆ. ಎಲ್‌ಎಸ್ ಎಂದರೆ ಅದು ಕಣ್ಣೆದುರಿಗೇ ಇದೆ. ಆದರೆ ಎ.ಔಟ್ ಎಂದು ಬರೆದರೆ ‘ಅಂಥ ಆದೇಶ ಸಿಗಲಿಲ್ಲ’ ಎಂಬ ಉತ್ತರ! ಕಾರಣವಿಷ್ಟೆ: ಬರಿಯ ಹೆಸರನ್ನು ಕೊಟ್ಟಾಗ ಶೆಲ್ ಅದನ್ನು ಪಾತ್ ಎಂಬ ಪಟ್ಟಿಯಲ್ಲಿರುವ ಕೋಶಗಳಲ್ಲಷ್ಟೇ ಹುಡುಕುತ್ತದೆ, ನಿಂತ ಕೋಶದಲ್ಲಿ ಹುಡುಕುವುದಿಲ್ಲ. ಇದು ಮರೆವಲ್ಲ, ರಕ್ಷಣೆ. ಹಾಗೆ ಹುಡುಕುವಂತಿದ್ದರೆ ಯಾರೋ ಕಿಡಿಗೇಡಿ ತನ್ನ ಕೋಶದಲ್ಲಿ ಎಲ್‌ಎಸ್ ಎಂಬ ಹೆಸರಿನ ಕೆಟ್ಟ ಪ್ರೋಗ್ರಾಮನ್ನಿಟ್ಟು, ಅಲ್ಲಿಗೆ ಬಂದವರನ್ನು ಮೋಸಗೊಳಿಸಬಹುದಿತ್ತು. ‘./ಎ.ಔಟ್’ ಎಂದು, ಅಂದರೆ ‘ಇಲ್ಲಿಯೇ ಇರುವ ಎ.ಔಟ್’ ಎಂದು ಜಾಗವನ್ನು ಸೇರಿಸಿ ಹೇಳಿದರೆ ಓಡುತ್ತದೆ.

ದೋಷವೆಂದು ತೋರಿದರೂ ದೋಷವಲ್ಲದ ಕೆಲವು ಸಂಗತಿಗಳಿವೆ. ಗುಪ್ತಪದವನ್ನು ಕೇಳಿದಾಗ ನೀವು ಒತ್ತಿದ್ದು ಪರದೆಯಲ್ಲಿ ನಕ್ಷತ್ರವಾಗಿಯೂ ಕಾಣದಿರಬಹುದು. ಕೀಲಿಮಣೆ ಕೆಟ್ಟಿಲ್ಲ, ಪೂರ್ತಿ ಬರೆದು ಎಂಟರ್ ಒತ್ತಿ. ಕಂಟ್ರೋಲ್ ಮತ್ತು ಸಿ ಇಲ್ಲಿ ನಕಲು ಮಾಡುವುದಿಲ್ಲ, ಓಡುತ್ತಿರುವ ಪ್ರೋಗ್ರಾಮನ್ನು ನಿಲ್ಲಿಸುತ್ತದೆ. ಲಿನಕ್ಸಿನಲ್ಲಿ ನಕಲಿಗೆ ಶಿಫ್ಟನ್ನೂ ಸೇರಿಸಿ ಒತ್ತಬೇಕು. ಉಳಿಸುವ ಅಭ್ಯಾಸಬಲದಿಂದ ಕಂಟ್ರೋಲ್ ಮತ್ತು ಎಸ್ ಒತ್ತಿದವರಿಗೆ ಪರದೆ ಹೆಪ್ಪುಗಟ್ಟಿದಂತಾಗುತ್ತದೆ. ಕಂಟ್ರೋಲ್ ಮತ್ತು ಕ್ಯೂ ಒತ್ತಿದರೆ ಮತ್ತೆ ಚಲಿಸುತ್ತದೆ. ಮ್ಯಾನ್ ಎಲ್‌ಎಸ್ ಎಂದು ಕೈಪಿಡಿಯನ್ನು ತೆರೆದು ಹೊರಬರಲಾರದೆ ಕಿಟಕಿಯನ್ನೇ ಮುಚ್ಚುವವರಿದ್ದಾರೆ. ಕ್ಯೂ ಒತ್ತಿದರೆ ಸಾಕು. ಗೊತ್ತಿಲ್ಲದೆ ವಿಐ ಸಂಪಾದಕದೊಳಗೆ ಸಿಕ್ಕಿಬಿದ್ದವರು ಎಸ್ಕೇಪ್ ಒತ್ತಿ, ‘:ಕ್ಯೂ!’ ಎಂದು ಬರೆದು ಎಂಟರ್ ಕೊಟ್ಟರೆ ಏನನ್ನೂ ಉಳಿಸದೆ ಪಾರಾಗಬಹುದು.

ಕೈ ನೋಯದಂತೆ ಬರೆಯಲು ಟ್ಯಾಬ್ ಕೀಲಿ ಇದೆ. ಹೆಸರಿನ ಮೊದಲ ಎರಡು ಮೂರು ಅಕ್ಷರ ಬರೆದು ಟ್ಯಾಬ್ ಒತ್ತಿದರೆ ಶೆಲ್ ಉಳಿದುದನ್ನು ತುಂಬುತ್ತದೆ. ವೇಗಕ್ಕಿಂತ ಅದರ ದೊಡ್ಡ ಉಪಕಾರ ಬೇರೆ: ತುಂಬದಿದ್ದರೆ ಆ ಹೆಸರಿನ ಕಡತ ಅಲ್ಲಿಲ್ಲವೆಂದು ಎಂಟರ್ ಒತ್ತುವ ಮೊದಲೇ ಗೊತ್ತಾಗುತ್ತದೆ. ಮೇಲುಬಾಣದ ಕೀಲಿ ಹಿಂದಿನ ಆದೇಶಗಳನ್ನು ಒಂದೊಂದಾಗಿ ತರುತ್ತದೆ. ತಂದದ್ದನ್ನು ಓದಿಯೇ ಎಂಟರ್ ಒತ್ತಬೇಕು. ನಿನ್ನೆಯ ಆರ್‌ಎಂ ಕೂಡ ಆ ಸಾಲಿನಲ್ಲಿಯೇ ನಿಂತಿರುತ್ತದೆ.

ಇನ್ನು ಸುಡೂ ಎಂಬ ಆದೇಶ. ಅದರ ಹಿಂದೆ ಬರೆದ ಯಾವ ಆದೇಶವಾದರೂ ರೂಟ್ ಅಧಿಕಾರದಿಂದ ನಡೆಯುತ್ತದೆ. ಕನ್ನಡಿಗರ ಬಾಯಲ್ಲಿ ಅದು ಸಲೀಸಾಗಿ ‘ಸುಡು’ ಆಗುತ್ತದೆ, ಅರ್ಥವೂ ಬಹಳ ದೂರವಿಲ್ಲ. ‘ಪರ್ಮಿಷನ್ ಡಿನೈಡ್’ ಬಂದಾಗಲೆಲ್ಲ ಸುಡೂ ಸೇರಿಸಿ ನೋಡುವುದು ಬಲು ಬೇಗ ಅಂಟುವ ಚಟ. ಹೊಸ ತಂತ್ರಾಂಶವನ್ನು ಹಾಕಿಕೊಳ್ಳುವಾಗ ಅದು ಬೇಕು. ಸ್ವಂತ ಕೋಶದೊಳಗೆ ಸ್ವಂತ ಪ್ರೋಗ್ರಾಮನ್ನು ಬರೆಯುವವರಿಗೆ ಬೇಕಾಗಬಾರದು, ಬೇಕೆನಿಸಿದರೆ ಬೇರೇನೋ ತಪ್ಪಿದೆ. ಅಂತರಜಾಲದಲ್ಲಿ ಕಂಡ ಸಾಲನ್ನು ನೇರವಾಗಿ ಟರ್ಮಿನಲ್ಲಿಗೆ ಅಂಟಿಸುವುದೂ ಅಂಥದೇ. ನಕಲಿನ ಕೊನೆಯಲ್ಲಿ ಹೊಸಸಾಲಿನ ಚಿಹ್ನೆ ಸೇರಿದ್ದರೆ ನೀವು ಎಂಟರ್ ಒತ್ತುವ ಮೊದಲೇ ಆದೇಶ ಓಡಿಹೋಗಬಹುದು. ಒಮ್ಮೆ ಸಾದಾ ಸಂಪಾದಕದಲ್ಲಿ ಅಂಟಿಸಿ, ಮೊದಲ ಪದ ಯಾವುದು, ಅಡ್ಡಗೆರೆಯ ಪದಗಳು ಯಾವುವು ಎಂದು ಬಿಡಿಸಿ, ತಿಳಿಯದ ಪದಕ್ಕೆ ಮ್ಯಾನ್ ನೋಡಿ, ಆಮೇಲೆ ಟರ್ಮಿನಲ್ಲಿಗೆ ಒಯ್ಯಬೇಕು.

ಕೆಲಸ ಮುಗಿಸಿ ಹೊರಬರಲು ಎಕ್ಸಿಟ್ ಎಂದು ಬರೆಯಬಹುದು, ಅಥವಾ ಖಾಲಿ ಸಾಲಿನಲ್ಲಿ ಕಂಟ್ರೋಲ್ ಮತ್ತು ಡಿ ಒತ್ತಬಹುದು. ಹಾಗೆ ಹೊರಬಂದಾಗ ಬ್ಯಾಶ್ ಆ ದಿನದ ಆದೇಶಗಳನ್ನು ಸ್ವಂತ ಕೋಶದಲ್ಲಿರುವ ಒಂದು ಅಡಗಿಸಿದ ಕಡತದಲ್ಲಿ ಬರೆದಿಡುತ್ತದೆ. ಮರುದಿನ ಹಿಸ್ಟರಿ ಎಂದರೆ ನಿನ್ನೆಯ ಪಾಠದ ಸಾಲುಗಳು, ತಪ್ಪಿದವೂ ಸೇರಿ, ಅಂಕೆಯೊಡನೆ ಪರದೆಯ ಮೇಲೆ ಬರುತ್ತವೆ.